ಹುಡ್, ಯುವಿ, ಪೋಲರೈಸರ್: ಐದು ವರ್ಷ ಬಳಸಿದ ಮೇಲೆ

ಕ್ಯಾಮೆರಾ ತಗೊಂಡ ದಿನ ಅಂಗಡಿಯವರು ಕೇಳದೇನೇ ಲೆನ್ಸಿನ ಮೂತಿಗೆ ಒಂದು ಯುವಿ ಫಿಲ್ಟರ್, ಅಂದರೆ ನೇರಳಾತೀತ ಕಿರಣ ತಡೆಯುವ ಗಾಜು, ಹಾಕಿ ಕೊಟ್ಟರು. "ಲೆನ್ಸ್‌ಗೆ ಸೇಫ್ ಸಾರ್" ಅಂದರು. ಬಿಲ್ಲಿನಲ್ಲಿ ಅದರ 600 ರೂಪಾಯಿಯೂ ಸೇರಿತ್ತು. ನನ್ನದು ಕ್ಯಾನನ್, ಜೊತೆಗೆ ಬಂದದ್ದು 18-55 ಎಂಎಂ ಎಸ್‌ಟಿಎಂ ಜೂಮ್ ಲೆನ್ಸ್, ಆಮೇಲೆ ತಗೊಂಡದ್ದು 50 ಎಂಎಂ. ಐದು ವರ್ಷದಲ್ಲಿ ಇವುಗಳ ಮುಂದೆ ಏನೇನೋ ಹಾಕಿ ನೋಡಿದ್ದೇನೆ.

ಮೊದಲು ಆ ಯುವಿ. ಫಿಲ್ಮ್ ಕಾಲದಲ್ಲಿ ಇದಕ್ಕೆ ಕೆಲಸ ಇತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಯುವಿ ತಡೆಯುವ ಗಾಜು ಮೊದಲೇ ಇರುತ್ತದೆ. ಹಾಗಾಗಿ ಈಗ ಇದು ಬರೀ ಕಾವಲಿಗೆ. ಒಂದು ಭಾನುವಾರ ಸಂಜೆ ಮೈಸೂರು ಅರಮನೆಯ ದೀಪಾಲಂಕಾರದ ಫೋಟೋ ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನೋಡಿದೆ. ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳ ಸಾಲು! ಕಣ್ಣು ಕಿರಿದು ಮಾಡಿ ನೋಡಿದರೆ ಕೆಳಗಿನ ಬಲ್ಬುಗಳೇ ತಲೆಕೆಳಗಾಗಿ ಮೇಲೆ ಕೂತಿವೆ. ಸೆನ್ಸರ್‌ನಿಂದ ವಾಪಸ್ ಬಂದ ಬೆಳಕು ಫಿಲ್ಟರ್‌ನ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಹೋಗಿತ್ತು. ಇನ್ನೊಮ್ಮೆ ಹೋದಾಗ ಫಿಲ್ಟರ್ ಬಿಚ್ಚಿ ತೆಗೆದೆ, ಚುಕ್ಕೆ ಮಾಯ. ಈಗ ಅದನ್ನು ಮಲ್ಪೆ, ಮರವಂತೆ ಕಡೆ ಹೋದಾಗ ಮಾತ್ರ ಹಾಕುತ್ತೇನೆ. ಮರಳು, ಉಪ್ಪುನೀರಿನ ತುಂತುರು ಇದ್ದಲ್ಲಿ ಅದು ಬೇಕೇ ಬೇಕು.

ಹುಡ್ ಅಂದರೆ ಲೆನ್ಸಿನ ಮೂತಿಯ ಸುತ್ತ ಹಾಕುವ ಕವಚ, ನನ್ನದು 250 ರೂಪಾಯಿಗೆ ತಗೊಂಡ ಪ್ಲಾಸ್ಟಿಕ್. ಪಕ್ಕದಿಂದ ಬೀಳುವ ಬಿಸಿಲು ತಡೆದು ಚಿತ್ರ ಮಂಕಾಗದಂತೆ ನೋಡಿಕೊಳ್ಳುತ್ತದೆ. ನನಗೆ ಅದಕ್ಕಿಂತ ದೊಡ್ಡ ಉಪಕಾರ ಆದದ್ದು ಮದುವೆ ಛತ್ರದ ಮೆಟ್ಟಿಲ ಮೇಲೆ. ಕ್ಯಾಮೆರಾ ಜಾರಿ ಮೂತಿ ಕೆಳಗಾಗಿ ಬಿತ್ತು. ಹುಡ್ ಸೀಳಿತು, ಲೆನ್ಸ್‌ಗೆ ಒಂದು ಗೀರೂ ಇಲ್ಲ. ಒಂದೇ ಎಚ್ಚರ: ಕ್ಯಾಮೆರಾದ ಫ್ಲ್ಯಾಶ್ ಹಾಕುವಾಗ ಹುಡ್ ಕಳಚಿಡಿ. ಇಲ್ಲದಿದ್ದರೆ ಫೋಟೋದ ಕೆಳಗಡೆ ಅರ್ಧಚಂದ್ರದ ನೆರಳು ಬೀಳುತ್ತದೆ. ನಮ್ಮ ಅಕ್ಕನ ಸೀಮಂತದ ಅರ್ಧ ಆಲ್ಬಂನಲ್ಲಿ ಆ ನೆರಳು ಇದೆ, ಈಗಲೂ ಬೈಸಿಕೊಳ್ಳುತ್ತೇನೆ.

ಇನ್ನು ಪೋಲರೈಸರ್, ಅಂದರೆ ಪ್ರತಿಫಲನದ ಹೊಳಪು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್. ದುಡ್ಡು ಕೊಟ್ಟದ್ದಕ್ಕೆ ಬೇಜಾರಾಗದ ವಸ್ತು ಇದು. ಇದರ ಕೆಲಸವನ್ನು ಮೊಬೈಲಿನ ಎಡಿಟಿಂಗ್‌ನಲ್ಲಿ ಮಾಡಲು ಆಗುವುದಿಲ್ಲ. ಮಳೆ ನಿಂತ ಮೇಲೆ ಆಗುಂಬೆ ಕಾಡಿನಲ್ಲಿ ಎಲೆಗಳೆಲ್ಲ ಬೆಳ್ಳಗೆ ಮಿಂಚುತ್ತವಲ್ಲ, ಫೋಟೋದಲ್ಲಿ ಅದು ಸುಣ್ಣ ಬಳಿದ ಹಾಗೆ ಕಾಣುತ್ತದೆ. ಫಿಲ್ಟರ್‌ನ ಉಂಗುರ ನಿಧಾನವಾಗಿ ತಿರುಗಿಸಿ. ಆ ಮಿಂಚು ಇಳಿದು ಎಲೆಯ ನಿಜವಾದ ಹಸಿರು ಬರುತ್ತದೆ. ನೀರೊಳಗಿನ ಕಲ್ಲೂ ಕಾಣುತ್ತದೆ. ಆದರೆ ಸ್ಟೀಲ್ ಪಾತ್ರೆಯ ಹೊಳಪಿನ ಮೇಲೆ ಇದರ ಆಟ ನಡೆಯುವುದಿಲ್ಲ.

ಜೋಗದಲ್ಲಿ ಒಂದು ತಮಾಷೆ ಆಯಿತು. ತುಂತುರಿನಲ್ಲಿ ಕಾಮನಬಿಲ್ಲು ಮೂಡಿತ್ತು. ಉಂಗುರ ತಿರುಗಿಸುತ್ತಾ ಹೋದೆ, ಬಿಲ್ಲು ಮಾಯ! ಪಕ್ಕದಲ್ಲಿದ್ದ ಗೆಳೆಯ "ಇದೆಯಲ್ಲೋ, ಅಲ್ಲೇ ಇದೆ" ಅಂತಾನೆ. ಇನ್ನೂ ಕಾಲು ಸುತ್ತು ತಿರುಗಿಸಿದ ಮೇಲೆ ಮೊದಲಿಗಿಂತ ಗಾಢವಾಗಿ ವಾಪಸ್ ಬಂತು. ಕಾಮನಬಿಲ್ಲಿನ ಬೆಳಕೂ ಪೋಲರೈಸ್ ಆಗಿರುತ್ತದೆ, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅದಕ್ಕೇ.

ತೊಂದರೆ ಇಲ್ಲವೇ ಅಂದರೆ ಇದೆ. ಒಂದೂವರೆ-ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ), ಸಂಜೆ ಹೊತ್ತು ಕೈ ಅಲುಗಿದರೆ ಫೋಟೋ ಹಾಳು. ಆಕಾಶ ಜಾಸ್ತಿ ನೀಲಿಯಾಗುವುದು ಸೂರ್ಯನಿಗೆ 90 ಡಿಗ್ರಿ ಪಕ್ಕದಲ್ಲಿ. ತೋರುಬೆರಳನ್ನು ಸೂರ್ಯನ ಕಡೆ ಹಿಡಿದು ಹೆಬ್ಬೆರಳನ್ನು ಅಡ್ಡ ಚಾಚಿ ಕೈ ತಿರುಗಿಸಿ, ಹೆಬ್ಬೆರಳು ತೋರಿಸಿದ ಕಡೆಯೆಲ್ಲ ಅದೇ. ತುಂಬಾ ಅಗಲ ಕಾಣುವ 18 ಎಂಎಂನಲ್ಲಿ ಮಾತ್ರ ಆಕಾಶದ ಒಂದು ಭಾಗ ಕಡುನೀಲಿ, ಇನ್ನೊಂದು ತೆಳು, ಅಸಹ್ಯ. ನಾನು 24 ಎಂಎಂನ ಮೇಲೆಯೇ ಬಳಸುತ್ತೇನೆ.

ಕೊಳ್ಳುವಾಗ ಅಳತೆ ನೋಡಿ. 18-55 ಅಂದರೆ 55ರ ಫಿಲ್ಟರ್ ಅಂದುಕೊಂಡು ನಾನೇ ಮೋಸ ಹೋಗಿದ್ದೆ. ಲೆನ್ಸಿನ ಮೂತಿಯ ಬಳಿ ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಪಕ್ಕ ಇರುವುದೇ ನಿಜವಾದ ಅಳತೆ, ನನ್ನದು 58 ಎಂಎಂ. 50 ಎಂಎಂ ಲೆನ್ಸಿನದು 49. ಅದಕ್ಕೆ ಇನ್ನೊಂದು ಫಿಲ್ಟರ್ ತಗೊಳ್ಳಲಿಲ್ಲ. ಚಿಕ್ಕ ಮೂತಿಗೆ ದೊಡ್ಡ ಫಿಲ್ಟರ್ ಕೂರಿಸುವ 49-58 ಸ್ಟೆಪ್-ಅಪ್ ರಿಂಗ್ ಹಾಕಿಕೊಂಡೆ, 150 ರೂಪಾಯಿಗೆ ಮುಗಿಯಿತು.

ನನ್ನ ಪೋಲರೈಸರ್ ಉಂಗುರದೊಳಗೆ ಈಗ ಮರಳು ಸೇರಿದೆ. ತಿರುಗಿಸಿದರೆ ಕರಕರ ಅನ್ನುತ್ತದೆ, ಗಾಜು ಇನ್ನೂ ಚೆನ್ನಾಗಿದೆ. ಈ ಮಳೆಗಾಲಕ್ಕೂ ಅದೇ.