ಮನೆಗೆ ನ್ಯಾಸ್ ಕಟ್ಟಿಸುವವರೇ, ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ನೋಡದೆ ದುಡ್ಡು ಕೊಡಬೇಡಿ

ನ್ಯಾಸ್ ಅಂದರೆ ಮನೆಯ ಫೋನು, ಕಂಪ್ಯೂಟರುಗಳೆಲ್ಲ ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಸ್ಟೋರೇಜ್ ಪೆಟ್ಟಿಗೆ. ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಆಫೀಸಿನಲ್ಲಿ ಪ್ರಿಂಟರ್ ಕೆಟ್ಟರೂ ಎಲ್ಲರೂ ಕರೆಯುವುದು ನನ್ನನ್ನೇ. ಅಂಥ ನಾನೇ 38 ಸಾವಿರ ಕಳಕೊಂಡು ಕೂತಿದ್ದೇನೆ. ಮನೆಯವಳಿಗೆ ಪೂರ್ತಿ ಮೊತ್ತ ಇನ್ನೂ ಹೇಳಿಲ್ಲ.

ಮನೆಯ ಫೋಟೊ, ವಿಡಿಯೊ ಎಲ್ಲ ಒಂದೇ ಕಡೆ ಇರಲಿ ಅಂತ ಎರಡು ಡಿಸ್ಕ್ ಹಿಡಿಯುವ ರೆಡಿಮೇಡ್ ನ್ಯಾಸ್ ಬಾಕ್ಸ್ ನೋಡಿಟ್ಟಿದ್ದೆ. ಇಲ್ಲೇ ಬಳ್ಳಾರಿಯ ಒಬ್ಬ ಅಂಗಡಿಯವನು ತಡೆದ. “ಅಣ್ಣಾ, ಖಾಲಿ ಡಬ್ಬಿಗೆ ಅಷ್ಟು ರೊಕ್ಕ ಯಾಕ ಹಾಕ್ತೀರಿ? ಡಿಸ್ಕ್ ಮತ್ತ ಬ್ಯಾರೆ ತಗೋಬೇಕು. ಹಳೇ ಡೆಸ್ಕ್‌ಟಾಪ್‌ನಾಗ ಹೊಸಾ 4 ಟಿಬಿ ಡಿಸ್ಕ್ ಎರಡು ಹಾಕಿ, ಟ್ರೂನ್ಯಾಸ್ ಅನ್ನೋ ನ್ಯಾಸ್ ಸಾಫ್ಟ್‌ವೇರ್ ಕೂಡ್ಸಿ ಕೊಡ್ತೀನಿ.” ಡಬ್ಬಿ ಖಾಲಿ ಬರುವುದು ನಿಜ. ಟ್ರೂನ್ಯಾಸ್ ಪುಕ್ಕಟೆ ಅನ್ನುವುದೂ ನಿಜ. ಅದಕ್ಕೇ ನಂಬಿದೆ.

ಮಿರರ್ ಮಾಡಿಕೊಡು, ಒಂದು ಡಿಸ್ಕ್ ಹೋದರೂ ಇನ್ನೊಂದರಲ್ಲಿ ಎಲ್ಲ ಇರಬೇಕು ಅಂದಿದ್ದೆ. “ಮಾಡೀನಿ ಅಣ್ಣಾ” ಅಂದ. ಮೊದಲ ದಿನ ಪರದೆ ಮೇಲೆ ಜಾಗ 7 ಟಿಬಿಗಿಂತ ಜಾಸ್ತಿ ತೋರಿಸಿತು. ನಾನು ಖುಷಿಪಟ್ಟೆ! ಖುಷಿಪಟ್ಟೆ ಕಣ್ರೀ! ಮಿರರ್ ಆಗಿದ್ದರೆ ಒಂದು ಡಿಸ್ಕಿನಷ್ಟೇ ಜಾಗ, 4 ಟಿಬಿ ಮೀರುವ ಹಾಗೇ ಇಲ್ಲ. ಎರಡನ್ನೂ ಸೇರಿಸಿ ಒಂದೇ ಮಾಡಿದ್ದ. ಒಂದು ಸತ್ತರೆ ಎರಡರದ್ದೂ ಹೋಯಿತು.

ಐದನೇ ವಾರಕ್ಕೆ ಒಂದು ಸತ್ತಿತು. ಮಗಳ ತೊಟ್ಟಿಲ ಕಾರ್ಯದ ವಿಡಿಯೊ ಅದರಲ್ಲೇ ಇತ್ತು. ಜಾಗ ಬೇಕು ಅಂತ ಫೋನಿನಿಂದ ಅಳಿಸಿದ್ದೆ.

ಉಳಿದ ಡಿಸ್ಕನ್ನು, ಡಿಸ್ಕಿನ ಸ್ಥಿತಿ ತೋರಿಸುವ ಸಾಫ್ಟ್‌ವೇರ್ ಆದ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದೆ. ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಓಡಿದ ಗಂಟೆ, 31,412. ಐದು ವಾರ ಬಿಡದೆ ಓಡಿದರೂ 840 ಗಂಟೆ ಆಗಬೇಕು. ಇದು ಮೂರೂವರೆ ವರ್ಷ ಹಗಲೂ ರಾತ್ರಿ ಎಲ್ಲೋ ತಿರುಗಿದ ಡಿಸ್ಕ್. ಕಂಪನಿ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದರೆ ವಾರಂಟಿ ಯಾವತ್ತೋ ಮುಗಿದಿದೆ.

ಅಂಗಡಿಯವನಿಗೆ ಫೋನ್ ಮಾಡಿದೆ. “ಅದು ಕಂಪನಿಯವ್ರು ಟೆಸ್ಟಿಂಗ್ ಮಾಡಿದ ಗಂಟೆ ಅಣ್ಣಾ.” ಮೂರೂವರೆ ವರ್ಷ ಟೆಸ್ಟಿಂಗಾ? “ನಮ್ಮ ಬಳ್ಳಾರಿ ಬಿಸಿಲಿಗೆ ಡಿಸ್ಕ್ ಹೋಗೇ ಹೋಗ್ತಾವ್ರಿ.” ಆಮೇಲೆ “ಯುಪಿಎಸ್ ಹಾಕಿದ್ರೇನು?” ಹಾಕಿದ್ದೆ, ಮಾರಿದ್ದೂ ಅವನೇ. ಕೊನೆಗೆ “ಬಿಲ್ ತಗೊಂಡ್ ಬರ್ರಿ, ನೋಡೋಣು.”

ಬಿಲ್! “ಬಿಲ್ ಬೇಕಂದ್ರ ಜಿಎಸ್‌ಟಿ 18 ಪರ್ಸೆಂಟ್ ಬೀಳ್ತತಿ” ಅಂತ ಹೆದರಿಸಿ ಚೀಟಿ ಕೊಟ್ಟವನು ಇವನೇ. ಚೀಟಿಯಲ್ಲಿ “ಹಾರ್ಡ್ ಡಿಸ್ಕ್ 2” ಅಂತ ಇದೆ, ಅಷ್ಟೇ. ಹೊಸದು ಅನ್ನುವ ಮಾತೇ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಅವರು ಕೇಳಿದ್ದೂ ಬಿಲ್ಲೇ.

ಕಟ್ಟಿಸುವುದೇ ತಪ್ಪು ಅನ್ನುತ್ತಿಲ್ಲ. ಡಿಸ್ಕ್ ಮಾತ್ರ ನೀವೇ ತನ್ನಿ, ಸೀಲ್ ಇರುವುದು, ಬಿಲ್ ಸಮೇತ. ಸೀರಿಯಲ್ ನಂಬರ್, ಗಂಟೆ ಎರಡನ್ನೂ ಅಂಗಡಿಯಲ್ಲೇ ನೋಡಿ. ಗಂಟೆ ಸೊನ್ನೆ ಇದ್ದರೂ ಪೂರ್ತಿ ನಂಬಬೇಡಿ. 2025ರ ಶುರುವಿನಲ್ಲಿ ಜರ್ಮನಿಯಲ್ಲಿ ಹಳೇ ಸೀಗೇಟ್ ಡಿಸ್ಕ್‌ಗಳ ಗಂಟೆ ಅಳಿಸಿ ಹೊಸದು ಅಂತ ಮಾರಿದ್ದು ಬಯಲಾಗಿತ್ತು. ಸಿಕ್ಕಿಬಿದ್ದದ್ದು ಡಿಸ್ಕ್ ತನ್ನ ಬಳಕೆಯನ್ನು ಒಳಗೇ ಬೇರೆಯಾಗಿ ಬರೆದಿಟ್ಟುಕೊಳ್ಳುವ ಫಾರ್ಮ್ ಲಾಗ್‌ನಿಂದ. ನನ್ನವನು ಅಳಿಸುವ ಕಷ್ಟವನ್ನೂ ತಗೊಳ್ಳಲಿಲ್ಲ, ನಾನು ನೋಡುವುದಿಲ್ಲ ಅಂತ ಗೊತ್ತಿತ್ತೇನೋ. ಮಿರರ್ ಇದ್ದರೂ ಇನ್ನೊಂದು ಕಾಪಿ ಬೇರೆ ಕಡೆ ಇಡಿ.

ನಿನ್ನೆ ಅವನ ವಾಟ್ಸ್ಆ್ಯಪ್ ಸ್ಟೇಟಸ್ ನೋಡಿದೆ. “ಹೊಸಾ 4 ಟಿಬಿ ಡಿಸ್ಕ್ ಬಂದಾವು, ಸ್ಟಾಕ್ ಕಡಿಮಿ ಐತಿ.”