ಕೆಳಗಿನ ಹಲ್ಲಿನ ಸೆಟ್: ಪೇಸ್ಟ್, ಎರಡು ದೊಡ್ಡ ಇಂಪ್ಲಾಂಟ್, ಇಲ್ಲಾ ನಾಲ್ಕು ಸಣ್ಣದು?

ಬದಿಯಡ್ಕದ ಹತ್ತಿರ ಒಬ್ಬರ ಮನೆಯಲ್ಲಿ ತಾಳಮದ್ದಳೆ. ನನ್ನದು ಭೀಷ್ಮನ ಅರ್ಥ. ‘ಪ್ರತಿಜ್ಞೆ’ ಎನ್ನುವಾಗ ಕೆಳಗಿನ ಸೆಟ್ ಎದ್ದು ಮೇಲಿನದಕ್ಕೆ ಟಕ್ಕೆಂದು ಬಡಿಯಿತು. ಮೈಕ್ ಬಾಯಿಯ ಹತ್ತಿರವೇ ಇತ್ತು. ಮದ್ದಳೆಯವರು ತಾಳ ತಪ್ಪಿತೇನೋ ಎಂದು ನನ್ನ ಮುಖ ನೋಡಿದರು. ಈಗ ನನ್ನ ಕೆಳದವಡೆಯಲ್ಲಿ ನಾಲ್ಕು ಮಿನಿ ಇಂಪ್ಲಾಂಟ್ ಇವೆ, ಅಂದರೆ ಸೆಟ್ ಹಿಡಿದಿಡಲು ಎಲುಬಿಗೆ ತಿರುಪಿ ಕೂರಿಸಿದ ಸಣ್ಣ ಲೋಹದ ಮೊಳೆಗಳು. ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಮೇಲಿನ ಸೆಟ್ ಅಂಗುಳಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕೆಳಗಿನದು ಕುದುರೆ ಲಾಳದ ಹಾಗೆ. ಹಿಡಿಯಲು ಜಾಗ ಕಮ್ಮಿ, ನಡುವೆ ನಾಲಿಗೆ ಸುಮ್ನೆ ಕೂರುವುದಿಲ್ಲ. ಹಲ್ಲು ಹೋದ ಮೇಲೆ ದವಡೆಯ ಎಲುಬು ಸವೆಯುತ್ತಲೇ ಇರುತ್ತದೆ, ಅದೂ ಕೆಳಗಿನದು ಮೇಲಿನದಕ್ಕಿಂತ ಜಾಸ್ತಿ.

ಸೆಟ್ ಒಸಡಿಗೆ ಅಂಟಿಸುವ ಪೇಸ್ಟ್ ಎರಡು ವರ್ಷ ಹಚ್ಚಿದೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಗಂಜಿಗೆ ಹೋಯಿತು. ರಾತ್ರಿ ಒಸಡಿನಿಂದ ಅದನ್ನು ಕೆರೆದು ತೆಗೆಯುವುದೇ ಒಂದು ಕೆಲಸ.

ದೊಡ್ಡ ಇಂಪ್ಲಾಂಟ್ ಹಾಕಿಸಿದ್ದು ನಮ್ಮ ಭಾವ, ಹೆಂಡತಿಯ ತಮ್ಮ. ಎರಡೇ ಎರಡು. ಒಸಡು ಕೊಯ್ದು, ಹೊಲಿಗೆ ಹಾಕಿ, ಎಲುಬಿಗೆ ಕೂಡಿಕೊಳ್ಳಲಿ ಎಂದು ಮೂರು ತಿಂಗಳು ಕಾಯಿಸಿದರು. ಗಟ್ಟಿಯೇನೋ ಹೌದು. 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಬರೀ ಸೆಟ್ ಬೇಡ, ಎರಡು ಇಂಪ್ಲಾಂಟ್ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆ ಆಗಲಿ ಎಂದಿದ್ದರು. ಹಾಗಾಗಿ ಭಾವ ಮಾಡಿದ್ದು ತಪ್ಪಲ್ಲ. ಆದರೆ ಸ್ಕ್ಯಾನ್ ಮಾಡಿದಾಗ ನನ್ನ ಎಲುಬು ತೆಳ್ಳಗಿತ್ತು. ಅಷ್ಟು ದಪ್ಪದ್ದು ಬೇಕಾದರೆ ಮೊದಲು ಎಲುಬು ತುಂಬಿಸಬೇಕು ಎಂದರು. ಅಂದರೆ ಇನ್ನಷ್ಟು ತಿಂಗಳು, ಇನ್ನಷ್ಟು ದುಡ್ಡು.

ಮಿನಿ ಎಂದರೆ 3 ಮಿ.ಮೀ.ಗಿಂತ ಸಪೂರ. ಇಂಜೆಕ್ಷನ್ ಕೊಟ್ಟು, ಒಸಡು ಕೊಯ್ಯದೆ, ಗದ್ದದ ನೇರಕ್ಕೆ ಮುಂದುಗಡೆ ನಾಲ್ಕನ್ನು ತಿರುಪಿ ಇಳಿಸಿದರು. ಮೇಲೆ ಗುಂಡಿನಂಥ ತಲೆ. ನನ್ನ ಹಳೇ ಸೆಟ್ಟಿನ ಅಡಿಯನ್ನೇ ಕೊರೆದು ಒಳಗೆ ರಬ್ಬರ್ ರಿಂಗ್ ಇರುವ ಲೋಹದ ಬಟ್ಟಲು ಕೂರಿಸಿದರು. ಹೊಸ ಸೆಟ್ ಬೇಕಾಗಲಿಲ್ಲ. ಎಲುಬಿನಲ್ಲಿ ಬಿಗಿಯಾಗಿ ಕೂತದ್ದರಿಂದ ಅವತ್ತೇ ಸೆಟ್ ಹಾಕಿ ಕಳಿಸಿದರು. ಎಲ್ಲರಿಗೂ ಹಾಗಾಗುವುದಿಲ್ಲ. ನಾಲ್ಕಕ್ಕೆ ಅರುವತ್ತು ಸಾವಿರ ಕೊಟ್ಟೆ. ಭಾವನ ಎರಡಕ್ಕೇ ಅದಕ್ಕಿಂತ ಜಾಸ್ತಿ ಬಿದ್ದಿತ್ತು.

ಇನ್ನು ಆ ರಬ್ಬರ್ ರಿಂಗ್‌ನ ಕಥೆ.

ಎಂಟು ತಿಂಗಳಾಗಿತ್ತು. ಚಕ್ಕುಲಿ ಕಡಿಯುವಾಗ ಎಡಗಡೆ ಸೆಟ್ ಏಳತೊಡಗಿತು. ಇಂಪ್ಲಾಂಟೇ ಅಲ್ಲಾಡುತ್ತಿದೆ ಎಂದು ಎದೆ ಧಸಕ್ಕೆಂದಿತು. ಸೆಟ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ, ಮೂರು ಬಟ್ಟಲಲ್ಲಿ ರಿಂಗ್ ಸರಿ ಇದೆ, ನಾಲ್ಕನೆಯದರಲ್ಲಿ ಹರಿದು ಚಪ್ಪಟೆಯಾಗಿದೆ. ಹೆಸರುಕಾಳಿನಷ್ಟು ವಸ್ತು.

ಊರಿನ ಹಲ್ಲಿನ ಡಾಕ್ಟರಲ್ಲಿಗೆ ಹೋದೆ. ‘ಐದು ನಿಮಿಷದ ಕೆಲಸ ಮಾಷ್ಟ್ರೇ, ಆದರೆ ಈ ಕಂಪನಿಯ ರಿಂಗ್ ನನ್ನಲ್ಲಿಲ್ಲ’ ಎಂದರು. ಒಂದೊಂದು ಕಂಪನಿಯದ್ದು ಒಂದೊಂದು ಅಳತೆಯಂತೆ. ಇಂಪ್ಲಾಂಟ್ ಹಾಕಿದ ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದರೆ ‘ಬನ್ನಿ’ ಎಂದರು. ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೆದ್ದಾರಿ ಅಗಲ ಮಾಡುವ ಧೂಳು ಕುಡಿಯುತ್ತಾ ತಲಪಾಡಿ ದಾಟುವಾಗ ಮಧ್ಯಾಹ್ನ. ಹೋಗಿ ಕೂತರೆ ಸ್ಟಾಕ್ ಮುಗಿದಿದೆ, ಮುಂದಿನ ವಾರ ಬನ್ನಿ! ಒಂದು ಚೂರು ರಬ್ಬರಿಗೆ ಎರಡು ದಿನ ಹಾಳು. ನಡುವಿನ ಆ ವಾರ ಮತ್ತೆ ಪೇಸ್ಟು.

ರಿಂಗ್ ಸವೆಯುವುದು ಸಹಜ, ಬದಲಾಯಿಸುತ್ತಲೇ ಇರಬೇಕು. ಅದನ್ನು ಮೊದಲೇ ಹೇಳಬಹುದಿತ್ತು, ಅಲ್ವಾ? ಎರಡನೇ ಸಲ ಹೋದಾಗ ಎಂಟು ರಿಂಗ್ ಕೇಳಿ ತಂದೆ. ಈಗ ಊರಿನ ಡಾಕ್ಟರೇ ಹಾಕಿಕೊಡುತ್ತಾರೆ. ನೀವು ಹಾಕಿಸುವುದಾದರೆ ಕುರ್ಚಿಯಿಂದ ಏಳುವ ಮೊದಲೇ ರಿಂಗ್ ಕೇಳಿ, ಕಂಪನಿಯ ಹೆಸರು ಬರೆಸಿಕೊಳ್ಳಿ.

ಸಪೂರದ್ದಾದ್ದರಿಂದ ಮುರಿಯುವ ಭಯ ದೊಡ್ಡದಕ್ಕಿಂತ ಜಾಸ್ತಿ. ಗುಂಡಿನ ಸುತ್ತ ದಿನಾ ಬ್ರಷ್ ಆಡಿಸಬೇಕು. ರಾತ್ರಿ ಸೆಟ್ ನೀರಿಗೆ.

ನಲುವತ್ತರ ಪ್ರಾಯ, ಗಟ್ಟಿ ಎಲುಬು, ಕೈಯಲ್ಲಿ ದುಡ್ಡು ಇದ್ದರೆ ನಾನೂ ಭಾವನ ದಾರಿ ಹಿಡಿಯುತ್ತಿದ್ದೆನೋ ಏನೋ. ಅರುವತ್ತೆಂಟರಲ್ಲಿ, ವಾರಕ್ಕೊಂದು ಕೂಟ ಇರುವವನಿಗೆ ಮೂರು ತಿಂಗಳು ಕಾಯಲು ಪುರುಸೊತ್ತಿಲ್ಲ. ಮೊನ್ನೆ ಭಾವ ಬಂದಿದ್ದ. ಹಲಸಿನ ಹಪ್ಪಳ ಇಬ್ಬರೂ ತಿಂದೆವು. ಆಮೇಲೆ ಎಲೆ ತಟ್ಟೆ ಬಂತು. ಅವನು ಅಡಿಕೆ ಹೋಳು ಬಾಯಿಗೆ ಹಾಕಿದ. ನಾನು ಕುಟ್ಟಾಣಿ ಎಳೆದುಕೊಂಡೆ.