‘ಸೈನಿಕರಿಗಾಗಿಯೇ’ ಎಂಬ ಬೋರ್ಡ್ ನೋಡಿ ಅಣ್ಣನನ್ನು ಸೇರಿಸಿದೆವು

ನಮ್ಮಣ್ಣ 19 ವರ್ಷ ಸೈನ್ಯದಲ್ಲಿದ್ದವನು. ಅಲ್ಲಿದ್ದಾಗ ಕುಡಿತ ಹದ್ದು ಮೀರಿರಲಿಲ್ಲ. ನಿವೃತ್ತನಾಗಿ ಮನೆಗೆ ಬಂದ ಎರಡನೇ ವರ್ಷಕ್ಕೆ ಶುರುವಾಯಿತು. ಮೊದಲು ನಿದ್ದೆ ಬರಲೆಂದು ರಾತ್ರಿ ಹೊತ್ತು, ಆಮೇಲೆ ಕೈನಡುಕ ನಿಲ್ಲಲೆಂದು ಬೆಳಗ್ಗೆಯೇ. ಜೊತೆಗೆ ನಿದ್ದೆ ಮಾತ್ರೆ. ಅತ್ತಿಗೆ ಒಂದು ದಿನ ಫೋನ್ ಮಾಡಿ, ‘ಇನ್ನು ನನ್ನ ಕೈಲಾಗಲ್ಲ, ನೀನೇ ಏನಾದರೂ ನೋಡು’ ಅಂದರು. ನಾನು ನೋಡಿದ್ದು ಒಂದು ಜಾಹೀರಾತು. ಮಾಜಿ ಸೈನಿಕರಿಗಾಗಿಯೇ ಇರುವ ವ್ಯಸನಮುಕ್ತಿ ಕೇಂದ್ರ, ಶೇ 95 ಯಶಸ್ಸು, ದಿನದ 24 ಗಂಟೆಯೂ ಉಚಿತ ಸಲಹೆ. ಹೆಸರು ಬರೆಯುವುದಿಲ್ಲ. ಇಂಥ ಬೋರ್ಡುಗಳು ಒಂದೆರಡಲ್ಲ, ಹೆಸರು ಬದಲಾಯಿಸುವುದೂ ಅವರಿಗೆ ಕಷ್ಟದ ಕೆಲಸವಲ್ಲ.

ಫೋನೆತ್ತಿದ ಹುಡುಗಿಯ ಮಾತು ಬಲು ಮೃದು. ಪಿಂಚಣಿ ಎಷ್ಟು ಬರುತ್ತೆ, ಯಾರ ಖಾತೆಗೆ ಬರುತ್ತೆ, ವಿಮೆ ಇದೆಯಾ, ಇದ್ದರೆ ಎಷ್ಟರವರೆಗೆ ಎಂದೆಲ್ಲ ಕೇಳಿದಳು. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಡಲು ಹೋದಾಗ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗುತ್ತಾರೆ ಎಂದು ಒಂದು ಮಾತೂ ಕೇಳಲಿಲ್ಲ. ಈಗ ಅನಿಸುತ್ತದೆ, ಅಲ್ಲೇ ಫೋನ್ ಇಡಬೇಕಿತ್ತು. ಸಲಹೆಗಾರ್ತಿ ಎಂದು ನಾವಂದುಕೊಂಡ ಆಕೆಗೆ ಒಬ್ಬೊಬ್ಬ ರೋಗಿಗೆ ಇಷ್ಟು ಎಂದು ಕಮಿಷನ್ ಇತ್ತೆಂಬುದು ಆಮೇಲೆ ಗೊತ್ತಾಯಿತು.

ಮೂರು ತಿಂಗಳ ಹಣ ಮುಂಗಡ. ಆರೇಳು ಕಾಗದಕ್ಕೆ ಸಹಿ. ಸ್ವಾಗತದ ಕೋಣೆಯ ಗೋಡೆಗೆಲ್ಲ ಸೈನ್ಯದ ಸಮವಸ್ತ್ರದ ಬಣ್ಣ, ಮೂಲೆಯಲ್ಲಿ ಧ್ವಜ, ನಿರ್ದೇಶಕರ ಕಾಲಲ್ಲಿ ಮಿಲಿಟರಿ ಬೂಟು. ಅವರು ಒಂದು ದಿನವೂ ಸೈನ್ಯದಲ್ಲಿ ಇದ್ದವರಲ್ಲ. ಪದಕಗಳನ್ನು ತೊಟ್ಟುಕೊಂಡೇ ಬನ್ನಿ, ಗೌರವದಿಂದ ಬರಮಾಡಿಕೊಳ್ಳುತ್ತೇವೆ ಎಂದಿದ್ದರು. ಅಣ್ಣ ಹಾಗೇ ಹೋದ. ಫೋಟೊ ತೆಗೆದರು. ಆ ಫೋಟೊ ವಿಷಯ ಆಮೇಲೆ ಹೇಳುತ್ತೇನೆ.

ಒಳಗೆ ಹೋದ ಕೂಡಲೇ ಕುಡಿತವೂ ಬಂದ್, ನಿದ್ದೆ ಮಾತ್ರೆಯೂ ಬಂದ್. ಡಾಕ್ಟರು ವಾರಕ್ಕೊಮ್ಮೆ ಬರುವವರು, ಅಂದು ಅವರ ದಿನವಾಗಿರಲಿಲ್ಲ. ಮರುದಿನ ಬೆಳಗ್ಗೆಯಿಂದ ಅಣ್ಣನಿಗೆ ನಡುಕ, ಬೆವರು, ವಾಂತಿ. ‘ಎಲ್ಲರೂ ಮೊದಲ ದಿನ ನಾಟಕ ಆಡ್ತಾರೆ’ ಎಂದರಂತೆ. ರಾತ್ರಿ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ. ನಮಗೆ ಫೋನ್ ಬಂದದ್ದು ಅದಾಗಿ ಎರಡು ಗಂಟೆಯ ಮೇಲೆ, ಅದೂ ‘ಆಸ್ಪತ್ರೆಗೆ ಸಾಗಿಸುವ ಖರ್ಚು ನಿಮ್ಮದು’ ಎಂದು ಹೇಳಲಿಕ್ಕೆ.

ಆಸ್ಪತ್ರೆಯಲ್ಲಿ ಅಣ್ಣ ಮೂರನೇ ದಿನ ಗೋಡೆಯೊಳಗಿಂದ ಮನುಷ್ಯರು ಬರುತ್ತಿದ್ದಾರೆ ಎಂದು ಕೂಗತೊಡಗಿದ, ಐಸಿಯುಗೆ ಹಾಕಿದರು. ಅಲ್ಲಿನ ಮನೋವೈದ್ಯರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನವಿಡೀ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಕೊನೆಯ ಸಲ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಜ್ವರ, ಭ್ರಮೆ, ಎದೆಬಡಿತ ಸೇರಿ ಜೀವಕ್ಕೇ ಬರಬಹುದು. ಇದಕ್ಕೆ ‘ಡೆಲಿರಿಯಂ ಟ್ರೆಮೆನ್ಸ್’ ಎಂದು ಹೆಸರು. ತಡೆಯುವ ದಾರಿ ಗೊತ್ತಿರುವುದೇ: ಡಯಾಜೆಪಾಮ್ ಜಾತಿಯ ಔಷಧಿಯನ್ನು ಅಳತೆಯಲ್ಲಿ ಕೊಟ್ಟು ದಿನದಿನಕ್ಕೆ ಇಳಿಸುವುದು, ಮಿದುಳಿಗೆ ಪೆಟ್ಟಾಗದಂತೆ ಥಯಾಮಿನ್ ಅಂದರೆ ಬಿ1 ಜೀವಸತ್ವವನ್ನು ಕೊಡುವುದು, ಗಂಟೆಗಂಟೆಗೆ ನೋಡಿಕೊಳ್ಳುವುದು. ನಿದ್ದೆ ಮಾತ್ರೆಯನ್ನೂ ಒಟ್ಟಿಗೇ ಕಿತ್ತುಕೊಂಡದ್ದು ಬೆಂಕಿಗೆ ತುಪ್ಪ ಸುರಿದಂತಾಗಿತ್ತು.

ನಾವು ಮಾಡಿದ ದೊಡ್ಡ ತಪ್ಪು ಇದಾದ ಮೇಲೆ. ಆ ವೈದ್ಯರು ತಮ್ಮಲ್ಲೇ ಮುಂದುವರಿಸಿ ಎಂದರು. ಕೇಂದ್ರದವರು ಹಣ ವಾಪಸ್ ಇಲ್ಲ, ಅಪಾಯದ ಹಂತ ಮುಗಿಯಿತಲ್ಲ, ಈಗಲೇ ನಿಜವಾದ ಚಿಕಿತ್ಸೆ ಶುರು ಎಂದರು. ಕೊಟ್ಟ ಹಣದ ಮುಖ ನೋಡಿ ಮತ್ತೆ ಅಲ್ಲಿಗೇ ಬಿಟ್ಟುಬಂದೆವು.

ಮೊದಲ 21 ದಿನ ಫೋನ್ ಇಲ್ಲ, ಭೇಟಿ ಇಲ್ಲ. ಒಳಗೆ ನಡೆದದ್ದು ಅಣ್ಣ ಹೊರಬಂದು ಎಷ್ಟೋ ದಿನಗಳ ಮೇಲೆ ಚೂರುಚೂರಾಗಿ ಹೇಳಿದ್ದು. ನಸುಕು ನಾಲ್ಕಕ್ಕೆ ಸೀಟಿ ಊದಿ ಎಬ್ಬಿಸುವುದು, ತಪ್ಪು ಮಾಡಿದರೆ ಮಂಡಿಯೂರಿಸುವುದು, ಎಲ್ಲರೆದುರು ‘ನಾನು ಹೇಡಿ’ ಎನ್ನಿಸುವುದು. ರಾತ್ರಿ ಕೋಣೆಗೆ ಹೊರಗಿನಿಂದ ಬೀಗ. ಗುಂಡಿನ ಸದ್ದಿನ ಕನಸು ಬಿದ್ದು ಬೆಚ್ಚಿ ಏಳುವವನನ್ನು ಕತ್ತಲೆಯಲ್ಲಿ ಕೂಡಿಹಾಕಿ, ಸೀಟಿ ಊದಿ ಎಬ್ಬಿಸಿ, ಇದನ್ನು ಸೈನಿಕರ ಚಿಕಿತ್ಸೆ ಎನ್ನುತ್ತಿದ್ದರು! ಕನಸುಗಳ ಬಗ್ಗೆ ಅವನು ಬಾಯಿಬಿಟ್ಟಾಗ ಸಿಕ್ಕ ಉತ್ತರ, ‘ಮೊದಲು ಒಂದು ವರ್ಷ ಕುಡಿಯದೆ ಇರು, ಆಮೇಲೆ ನೋಡೋಣ’. ಆಘಾತದ ನಂತರದ ಈ ತೊಂದರೆ, ಅಂದರೆ ಪಿಟಿಎಸ್‌ಡಿ, 1980ರಲ್ಲೇ ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಸೇರಿದೆ. ಅದನ್ನೂ ಕುಡಿತವನ್ನೂ ಜೊತೆಜೊತೆಗೇ ನೋಡಬೇಕು, ಒಂದು ಮುಗಿಯಲೆಂದು ಇನ್ನೊಂದನ್ನು ಕಾಯಿಸಬಾರದು ಎಂದು ಈಗಿನ ವೈದ್ಯರು ನಮಗೆ ಹೇಳಿದರು.

ನನ್ನನ್ನು ಈಗಲೂ ಕೊರೆಯುವುದು ಬೇರೆಯೇ. ‘ಯಾಕಣ್ಣ, ಒಂದು ಮಾತು ಹೇಳಬಾರದಿತ್ತಾ’ ಎಂದು ಕೇಳಿದಾಗ, ‘ಆರ್ಡರ್ ಅಂದ್ಕೊಂಡೆ ಕಣೋ’ ಅಂದ. ಹತ್ತೊಂಬತ್ತು ವರ್ಷ ಹೇಳಿದ್ದನ್ನು ಮಾಡಿ, ನೋವನ್ನು ನುಂಗಿ ರೂಢಿಯಾದವನು. ಬೂಟು ತೊಟ್ಟು ಗದರುವವನೊಬ್ಬ ಎದುರು ನಿಂತರೆ ಸಾಕು, ಅಂಥವನು ದೂರು ಹೇಳುವುದಿಲ್ಲ. ಕೇಂದ್ರದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆಯವರಿಗೆ ಗೊತ್ತಿರಲಿಲ್ಲ.

ನಿರ್ದೇಶಕರು ಬಾಯಿ ತೆರೆದರೆ ವಿಯೆಟ್ನಾಂ ಕಥೆ. ಅಲ್ಲಿದ್ದ ಅಮೆರಿಕದ ಸೈನಿಕರು ಮನೆಗೆ ಬಂದು ಮನೋಬಲದಿಂದಲೇ ಹೆರಾಯಿನ್ ಬಿಟ್ಟರು, ನಿಮ್ಮವರಿಗೇನು ಕಷ್ಟ ಎನ್ನುತ್ತಿದ್ದರು. ಆಮೇಲೆ ಹುಡುಕಿ ಓದಿದೆ. ಲೀ ರಾಬಿನ್ಸ್ ಎಂಬ ಸಂಶೋಧಕಿ 1971ರಲ್ಲಿ ವಾಪಸಾದ ಸೈನಿಕರನ್ನು ವಿಚಾರಿಸಿದ್ದು ನಿಜ. ಐವರಲ್ಲಿ ಒಬ್ಬರಷ್ಟು ಮಂದಿ ಅಲ್ಲಿ ವ್ಯಸನಿಗಳಾಗಿದ್ದರು, ಮರಳಿದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ 5ರಷ್ಟು ಮಾತ್ರ. ಆದರೆ ಅವರನ್ನು ಸುತ್ತಿಕೊಂಡಿದ್ದ ಯುದ್ಧ, ಸುಲಭವಾಗಿ ಸಿಗುತ್ತಿದ್ದ ಹೆರಾಯಿನ್, ಎರಡೂ ಹಿಂದೆ ಉಳಿದಿದ್ದವು. ನಮ್ಮಣ್ಣನ ಕುಡಿತ ಹದ್ದು ಮೀರಿದ್ದೇ ಮನೆಗೆ ಬಂದ ಮೇಲೆ! ಬೀಗ ಹಾಕಿದ ಕೋಣೆಯಿಂದ ಅದೇ ಮನೆಗೆ ಅದೇ ಕನಸುಗಳೊಂದಿಗೆ ಕಳಿಸಿದರೆ ಬದಲಾಗಿದ್ದಾದರೂ ಏನು?

ಅಲ್ಲಿದ್ದ ಇನ್ನೊಬ್ಬ ಮಾಜಿ ಸೈನಿಕರ ವಿಷಯವನ್ನೂ ಹೇಳಲೇಬೇಕು. ಬೆನ್ನಿನ ಗಾಯಕ್ಕೆಂದು ಶುರುವಾದ ಅಫೀಮು ಜಾತಿಯ ನೋವಿನ ಮಾತ್ರೆಗೆ ಅಂಟಿಕೊಂಡಿದ್ದವರು. ಅಂಥ ಮಾತ್ರೆಯ ಸೆಳೆತವನ್ನೂ ಬಿಟ್ಟಾಗಿನ ಸಂಕಟವನ್ನೂ ಇಳಿಸುವ ಬ್ಯೂಪ್ರೆನಾರ್ಫಿನ್ ಎಂಬ ಔಷಧಿ ಕೊಡಿಸಿ ಎಂದು ಮಗಳು ಕೇಳಿದ್ದಕ್ಕೆ, ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚೋದಾ’ ಎಂದು ನಕ್ಕರಂತೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ 2005ರಲ್ಲೇ ಸೇರಿಸಿದ ಔಷಧಿ ಅದು. ಎರಡು ತಿಂಗಳು ಏನೂ ಇಲ್ಲದೆ ಇದ್ದು ಹೊರಬಂದ ಅವರು ಹಳೆಯ ಅಳತೆಯಲ್ಲೇ ಮಾತ್ರೆ ನುಂಗಿದರು. ಬಿಟ್ಟಿದ್ದ ದೇಹಕ್ಕೆ ಹಳೆಯ ಅಳತೆ ತಡೆಯುವ ಶಕ್ತಿ ಉಳಿದಿರುವುದಿಲ್ಲ, ಉಸಿರೇ ನಿಲ್ಲುತ್ತದೆ. ಅವರಿಗೂ ಹಾಗೇ ಆಯಿತು. ಕೇಂದ್ರದ ಲೆಕ್ಕದಲ್ಲಿ ಅವರು ಆ ಶೇ 95ರೊಳಗೇ ಇದ್ದಾರೆ. ಅವಧಿ ಪೂರ್ತಿ ಮುಗಿಸಿ ಹೊರಬಂದವರೆಲ್ಲ ಅಲ್ಲಿ ‘ಯಶಸ್ವಿ’ಗಳೇ.

ಯಾರನ್ನಾದರೂ ಸೇರಿಸುವ ಮುನ್ನ, ಮೊದಲ ನಾಲ್ಕು ದಿನ ರಾತ್ರಿ ಹೊತ್ತು ಯಾವ ಡಾಕ್ಟರು ಇರುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಕೊಟ್ಟು, ಯಾವುದನ್ನು ಹೇಗೆ ಇಳಿಸುತ್ತೀರಿ ಎಂದು ಬರೆಸಿಕೊಳ್ಳಿ. ಕೋಣೆಗೆ ಬೀಗ ಹಾಕುತ್ತಾರಾ ನೋಡಿ. ಹೊರಬಂದ ಮೇಲೆ ಯಾರು ವಿಚಾರಿಸುತ್ತಾರೆ ಎಂದೂ ಕೇಳಿ. ನಮ್ಮನ್ನು ಯಾರೂ ವಿಚಾರಿಸಲಿಲ್ಲ. ಊಟಕ್ಕೆ ಗೊತ್ತಾಗದಂತೆ ಬೆರೆಸಿ ಎಂದು ಪುಡಿ ಕೊಟ್ಟರೆ ಮಾತ್ರ ಮುಟ್ಟಲೇಬೇಡಿ. ಅದು ಕುಡಿತ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಎಂಬ ಔಷಧಿ ಆಗಿದ್ದು, ಗೊತ್ತಿಲ್ಲದೆ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ.

ಐದನೇ ವಾರ ಜಗಳವಾಡಿ ಅಣ್ಣನನ್ನು ಕರೆತಂದೆವು. ಈಗ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿಬರುತ್ತಾನೆ, ಕುಡಿತದ ಸೆಳೆತ ಇಳಿಸಲು ನಾಲ್ಟ್ರೆಕ್ಸೋನ್ ಮಾತ್ರೆ, ವಾರಕ್ಕೊಮ್ಮೆ ಮಾತುಕತೆ. ನಡುವೆ ಎರಡು ಸಲ ಕುಡಿದ. ಡಾಕ್ಟರು ಬಯ್ಯಲಿಲ್ಲ, ಅಂದು ಏನಾಗಿತ್ತು ಎಂದು ಕೇಳಿದರು. ಮಲಗುವ ಕೋಣೆಯ ಬಾಗಿಲು ಮುಚ್ಚಲು ಇನ್ನೂ ಬಿಡುವುದಿಲ್ಲ.

ಆ ಫೋಟೊ, ಪದಕ ತೊಟ್ಟು ಕೈ ನಡುಗಿಸುತ್ತ ನಿಂತದ್ದು, ಕೇಂದ್ರದ ಜಾಹೀರಾತಿನಲ್ಲಿದೆ. ಕೆಳಗೆ ‘ಗೆದ್ದು ಬಂದ ಯೋಧ’ ಎಂದು ಬರೆದಿದ್ದಾರೆ. ಸಹಿ ಹಾಕಿದ ಕಾಗದಗಳಲ್ಲಿ ಅದಕ್ಕೂ ಒಪ್ಪಿಗೆ ಇತ್ತು, ನಾವು ಓದಿರಲಿಲ್ಲ. ತೆಗೆಯಿರಿ ಎಂದು ಪತ್ರ ಬರೆದೆವು. ಒಂದು ಕಡೆ ತೆಗೆದರು, ಇನ್ನೊಂದು ಕಡೆ ಉಳಿಸಿಕೊಂಡರು. ಕಳೆದ ವಾರ ಹಳೆಯ ಪರಿಚಯದವರೊಬ್ಬರು ಅದನ್ನೇ ನನಗೆ ಕಳಿಸಿ, ‘ಇವರು ನಿಮ್ಮಣ್ಣ ಅಲ್ವಾ? ನಮ್ಮ ಭಾವನನ್ನೂ ಅಲ್ಲಿಗೇ ಸೇರಿಸೋಣ ಅಂತಿದ್ದೀವಿ’ ಎಂದು ಬರೆದಿದ್ದರು. ಅವರಿಗೆ ಫೋನ್ ಮಾಡಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.